ಡ್ರಮ್ಮಿಗೆ ಹಲ್ಲು ಕೂರಿಸಿದವರು

ಗುಬ್ಬಿ ಅಂದರೆ ವೀರಣ್ಣನವರು, ಕುಣಿಗಲ್ ಅಂದರೆ ಕೆರೆ ಮತ್ತು ಕುದುರೆ ಫಾರಂ, ತುಮಕೂರು ಅಂದರೆ ಸಿದ್ಧಗಂಗೆ, ಜೊತೆಗೆ ಒಂದು ಕಾಲದ ಎಚ್‌ಎಂಟಿ ವಾಚು. ನಮ್ಮ ಜಿಲ್ಲೆಯ ಬಗ್ಗೆ ಬರೆಯಲು ಕೂತವರು ಈ ನಾಲ್ಕೈದು ಹೆಸರು ಹೇಳಿ ಎದ್ದುಬಿಡುತ್ತಾರೆ. ತಪ್ಪೇನಿಲ್ಲ. ನಾನು ಹೇಳಹೊರಟಿರುವುದು ಮಾತ್ರ ಒಂದು ಕಬ್ಬಿಣದ ಡ್ರಮ್ಮಿನ ಕತೆ. ಅಡ್ಡಗಲ ಒಂದಡಿ, ಉದ್ದ ಮೂರಡಿ, ಮೈತುಂಬ ಹಲ್ಲು. ರಾಗಿ ಒಕ್ಕುವ ಮಿಷನ್ನಿನ ಹೊಟ್ಟೆಯಲ್ಲಿ ಅದೊಂದು, ತೆಂಗಿನ ಮಟ್ಟೆ ಹೊಡೆದು ನಾರು ಬಿಡಿಸುವ ಮಿಷನ್ನಿನಲ್ಲಿ ಅದಕ್ಕಿಂತ ದಪ್ಪದ್ದು ಇನ್ನೊಂದು. ಹಲ್ಲುಗಳು ನೆಟ್ಟಗೆ ಸಾಲು ನಿಂತಿರುವುದಿಲ್ಲ, ಡ್ರಮ್ಮಿನ ಮೈಮೇಲೆ ಸುರುಳಿಯಾಗಿ ಸುತ್ತಿಕೊಂಡು ಹೋಗುತ್ತವೆ. ಆ ಸುರುಳಿಯನ್ನು ಕಾಗದ ಸುತ್ತಿ ಗುರುತು ಹಾಕುತ್ತಿದ್ದ ಕಾಲದಿಂದ ಕಂಪ್ಯೂಟರಿನಲ್ಲಿ ಬರೆಯುವ ಕಾಲದವರೆಗೆ ನಾನು ಅದೇ ಕೆಲಸದಲ್ಲಿ ಇದ್ದೇನೆ. ಮೊದಲು ಹೆಲ್ಪರ್, ಆಮೇಲೆ ಡ್ರಾಫ್ಟ್ಸ್‌ಮನ್, ಈಗ ಹುಡುಗರಿಗೆ ಕ್ಯಾಡ್ ಹೇಳಿಕೊಡುವ ಮುದುಕ.

ಡ್ರಮ್ಮಿಗೆ ಮೊದಲು ಕಣ ಇತ್ತು. ನಮ್ಮೂರು ಕುಣಿಗಲ್ ತಾಲ್ಲೂಕಿನ ಹುಲಿಯೂರುದುರ್ಗದ ಕಡೆ. ರಾಗಿ ಕೊಯ್ದು ಮೆದೆ ಹಾಕಿದರೆ ಅದು ಬೆವೆತು, ಆರಿ, ತೆನೆ ಸಡಿಲವಾಗುವವರೆಗೆ ಯಾರೂ ಮುಟ್ಟುತ್ತಿರಲಿಲ್ಲ. ಅಷ್ಟರಲ್ಲಿ ಕಣ ಕೆತ್ತಿ, ನೀರು ಚಿಮುಕಿಸಿ, ಧಮ್ಮಸು ಮಾಡಿ, ಸೆಗಣಿ ಬಗ್ಗಡದಲ್ಲಿ ಎರಡು ಮೂರು ಸಲ ಸಾರಿಸುವುದು. ಚಪ್ಪಲಿ ಹಾಕಿಕೊಂಡು ಕಣಕ್ಕೆ ಕಾಲಿಟ್ಟರೆ ಅಜ್ಜಿ ಕೋಲು ತೆಗೆದುಕೊಳ್ಳುತ್ತಿದ್ದಳು. ಮೆದೆ ಕಿತ್ತು ತೆನೆ ಹರಡಿ, ಎತ್ತು ಹೂಡಿ ರೋಣಗಲ್ಲು ಎಳೆಸಿದರೆ ಬೆಳಿಗ್ಗೆಯಿಂದ ಸಂಜೆಯವರೆಗೆ ಅದೇ ಸುತ್ತು. ಮಧ್ಯೆ ಮಧ್ಯೆ ಕವೆಗೋಲಿನಲ್ಲಿ ಹುಲ್ಲು ತಿರುವಿ ಹಾಕಬೇಕು, ಎತ್ತು ಸೆಗಣಿ ಹಾಕುವ ಸೂಚನೆ ಕಂಡರೆ ಬುಟ್ಟಿ ಹಿಡಿದು ಓಡಬೇಕು. ಆಮೇಲೆ ತೂರುವುದು. ಗಾಳಿ ಬರುವುದು ಅದರ ಇಷ್ಟ. ನಡುರಾತ್ರಿ ಬಂದರೆ ನಡುರಾತ್ರಿ ಏಳಬೇಕು. ರಾಶಿಗೆ ಸೆಗಣಿಯ ಬೆನಕ, ಗರಿಕೆ, ಪೂಜೆ. ಅಳೆಯುವಾಗ ಮೊದಲ ಕೊಳಗಕ್ಕೆ ‘ಒಂದು’ ಅನ್ನುವ ಹಾಗಿಲ್ಲ, ‘ಲಾಭ’ ಅನ್ನಬೇಕು. ಎರಡರಿಂದ ಮಾತ್ರ ಎಣಿಕೆ.

ಇದನ್ನು ಚೆಂದ ಮಾಡಿ ಬರೆಯುವವರು ಬಹಳ ಜನ ಇದ್ದಾರೆ. ಮನೆಯ ಹೆಂಗಸರ ಸೊಂಟ ಏನಾಗುತ್ತಿತ್ತು ಅಂತ ಅವರನ್ನು ಕೇಳಬೇಕು. ಕಣ ಹೋಯಿತಲ್ಲ ಅಂತ ನಮ್ಮ ಅವ್ವ ಒಂದು ದಿನವೂ ಕೊರಗಿದ್ದು ನಾನು ಕಾಣೆ.

ಮಟ್ಟೆಯ ಕತೆ ಬೇರೆ. 1800ರಲ್ಲಿ ಈ ಸೀಮೆಯಲ್ಲೆಲ್ಲ ಓಡಾಡಿದ ಫ್ರಾನ್ಸಿಸ್ ಬುಕಾನನ್ ಗುಬ್ಬಿಗೂ ಬಂದಿದ್ದ. 1807ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಗುಬ್ಬಿಯ ಸಂತೆಗೆ, ಅಲ್ಲಿನ ವ್ಯಾಪಾರಕ್ಕೆ ಜಾಗ ಸಿಕ್ಕಿದೆ. ತೆಂಗು ಅಡಿಕೆ ಆಗಲೂ ಈ ಕಡೆಯ ಬಾಳು. ಆದರೆ ದುಡ್ಡು ಕಾಯಿಯದು, ಕೊಬ್ಬರಿಯದು. ಸುಲಿದ ಮಟ್ಟೆ ನೀರೊಲೆಗೆ, ಆಲೆಮನೆಗೆ, ಇಟ್ಟಿಗೆ ಗೂಡಿಗೆ. ಕೇರಳದಲ್ಲಿ ಹಿನ್ನೀರಿದೆ, ಅಲ್ಲಿ ಮಟ್ಟೆಯನ್ನು ತಿಂಗಳುಗಟ್ಟಲೆ ಕೊಳೆಹಾಕಿ ಬಿಳಿ ನಾರು ತೆಗೆಯುತ್ತಾರೆ. ನಮ್ಮಲ್ಲಿ ಇರುವುದು ಕೆರೆ. ಅದರ ನೀರು ಗದ್ದೆಗೆ, ದನಕ್ಕೆ, ಜನಕ್ಕೆ ಬೇಕು, ಮಟ್ಟೆ ಕೊಳೆಹಾಕಲು ಯಾರು ಬಿಡುತ್ತಾರೆ? ಎಲ್ಲೋ ಒಬ್ಬೊಬ್ಬರು ಗುಂಡಿಯಲ್ಲಿ ನೆನೆಹಾಕಿ, ಕೊಡತಿಯಲ್ಲಿ ಬಡಿದು, ನಾರು ಬಿಡಿಸಿ ಕಣ್ಣಿ, ಹಗ್ಗ ಹೊಸೆಯುತ್ತಿದ್ದರು. ತೆಂಗಿನ ನಾರಿನ ಉದ್ಯಮಕ್ಕೆ ಅಂತ ದೇಶದಲ್ಲಿ ಕಾಯ್ದೆ ಆಗಿದ್ದು 1953ರಲ್ಲಿ, ಅದರಡಿಯಲ್ಲೇ ಕಾಯರ್ ಬೋರ್ಡ್ ಬಂತು. ಆದರೂ ನಮ್ಮ ಮಟ್ಟೆಗೆ ಬೆಲೆ ಬಂದದ್ದು ಕೊಳೆಹಾಕದೆಯೇ, ಒಣಮಟ್ಟೆಯನ್ನು ಸ್ವಲ್ಪ ನೆನೆಸಿ ಹಲ್ಲಿನ ಡ್ರಮ್ಮಿಗೆ ಕೊಟ್ಟು ಕಂದು ನಾರು ತೆಗೆಯುವ ಮಿಷನ್ ಬಂದ ಮೇಲೆ.

ಕಾಳನ್ನು ಡ್ರಮ್ಮಿನಿಂದ ಬಡಿಸುವ ಯೋಚನೆ ಸ್ಕಾಟ್ಲೆಂಡಿನ ಆಂಡ್ರ್ಯೂ ಮೀಕಲ್ ಅನ್ನುವವನದು, 1786ರ ಸುಮಾರಿನದು. ಅವನ ಡ್ರಮ್ಮಿಗೆ ಹಲ್ಲಿರಲಿಲ್ಲ, ಉದ್ದುದ್ದ ಪಟ್ಟಿಗಳಿದ್ದವು. ಹಲ್ಲು ಆಮೇಲೆ ಬಂತು. ನಮ್ಮ ಹಳ್ಳಿಗಳಿಗೆ ಇದೆಲ್ಲ ಮುಟ್ಟಿದ್ದು ಕರೆಂಟು ಮತ್ತು ಡೀಸೆಲ್ ಎಂಜಿನ್ ಬಂದ ಮೇಲೆ, ಅದೂ ಊರಿನ ವೆಲ್ಡಿಂಗ್ ಶೆಡ್ಡುಗಳ ಕೈಯಿಂದ.

ನಾನು ಐಟಿಐ ಮುಗಿಸುವ ಹೊತ್ತಿಗೆ ತುಮಕೂರಿನ ಹುಡುಗರ ಕಣ್ಣೆಲ್ಲ ಎಚ್‌ಎಂಟಿಯ ಮೇಲೆ. ವಾಚ್ ಫ್ಯಾಕ್ಟರಿ ಶುರುವಾಗಿದ್ದು 1978ರಲ್ಲಿ. ಅಲ್ಲಿ ಕೆಲಸ ಸಿಕ್ಕವನಿಗೆ ಹೆಣ್ಣು ಹುಡುಕುವ ಕಷ್ಟವಿರಲಿಲ್ಲ. ಸಿಗದವರು ಶೆಡ್ಡುಗಳಿಗೆ ಹೋದೆವು. ಅವರು ಮೈಕ್ರಾನಿನಲ್ಲಿ ಮಾತಾಡುತ್ತಿದ್ದರು, ನಾವು ಬಡಗಿಗಳ ಹಾಗೆ ನೂಲಿನ ಲೆಕ್ಕದಲ್ಲಿ. ನಾನು ಸೇರಿದ ಶೆಡ್ಡು ಅಂತರಸನಹಳ್ಳಿ ಕಡೆಯದು: ಒಂದು ಹಳೇ ಲೇತು, ಎರಡು ವೆಲ್ಡಿಂಗ್ ಸೆಟ್ಟು, ಒಂದು ಡ್ರಿಲ್ಲಿಂಗ್ ಮಿಷನ್, ಒಬ್ಬ ಮೇಸ್ತ್ರಿ. ಕಾರ್ತಿಕ ಹುಟ್ಟಿದರೆ ಸಾಕು, ಸಂಕ್ರಾಂತಿ ದಾಟುವವರೆಗೂ ರಾತ್ರಿ ಪಾಳಿ. ರೈತರು ಮುಂಗಡ ಕೊಟ್ಟು ಅಲ್ಲೇ ಬೆಂಚಿನ ಮೇಲೆ ಮಲಗಿಬಿಡುತ್ತಿದ್ದರು, ಮಿಷನ್ ಹೇರಿಕೊಂಡೇ ಹೋಗುವುದು.

ಡ್ರಮ್ಮಿಗೆ ಹಲ್ಲು ನೆಟ್ಟಗೆ ಸಾಲಾಗಿ ಯಾಕೆ ಕೂರಿಸಬಾರದು ಅನ್ನುವುದು ಆ ಶೆಡ್ಡಿನಲ್ಲಿ ನಾನು ಕಲಿತ ಮೊದಲ ಪಾಠ. ಸಾಲಾಗಿ ಕೂರಿಸಿದರೆ ಅಷ್ಟೂ ಹಲ್ಲು ಒಂದೇ ಸಲ ತೆನೆಗೆ ಬಡಿಯುತ್ತವೆ. ದಡ್ ಅನ್ನುತ್ತದೆ, ಬೆಲ್ಟು ಜಾರುತ್ತದೆ, ಮೋಟರು ನರಳುತ್ತದೆ. ಮುಂದಿನ ಸಾಲು ಬರುವವರೆಗೆ ಏನೂ ಇಲ್ಲ. ಆಮೇಲೆ ಮತ್ತೆ ದಡ್. ಸುರುಳಿಯಾಗಿ ಕೂರಿಸಿದರೆ ಒಂದಾದ ಮೇಲೆ ಒಂದು ಹಲ್ಲು ಬಡಿಯುತ್ತದೆ, ಮೋಟರಿಗೆ ಬೀಳುವ ಭಾರ ಎಲ್ಲ ಹೊತ್ತಿನಲ್ಲೂ ಸಮ. ಇನ್ನೊಂದು ಲಾಭವೂ ಉಂಟು. ಸುರುಳಿ ತಿರುಗುವಾಗ ತನ್ನೊಳಗೆ ಸಿಕ್ಕಿದ್ದನ್ನು ಒಂದು ಪಕ್ಕಕ್ಕೆ ತಳ್ಳಿಕೊಂಡು ಹೋಗುತ್ತದೆ. ಒಂದು ತುದಿಯಲ್ಲಿ ತೆನೆ ಕೊಟ್ಟರೆ ಇನ್ನೊಂದು ತುದಿಯಲ್ಲಿ ಹುಲ್ಲು ತಾನೇ ಹೊರಗೆ ಬೀಳುತ್ತದೆ.

ಇನ್ನು ಗುರುತು ಹಾಕುವುದು. ಮೇಸ್ತ್ರಿ ಹಳೇ ನ್ಯೂಸ್‌ಪೇಪರುಗಳನ್ನು ಗೋಂದಿನಲ್ಲಿ ಅಂಟಿಸಿ ದೊಡ್ಡ ಹಾಳೆ ಮಾಡಿಸುತ್ತಿದ್ದರು. ಅದನ್ನು ಡ್ರಮ್ಮಿಗೆ ಬಿಗಿಯಾಗಿ ಸುತ್ತಿ, ಅಂಚು ಅಂಚು ಕೂಡುವಲ್ಲಿ ಬ್ಲೇಡಿನಲ್ಲಿ ಕೊಯ್ದು, ಬಿಚ್ಚಿ ನೆಲಕ್ಕೆ ಹಾಸುವುದು. 300 ಮಿಲಿಮೀಟರ್ ಅಡ್ಡಗಲದ ಡ್ರಮ್ಮಾದರೆ ಹಾಳೆಯ ಒಂದು ಬದಿ 942 ಮಿಲಿಮೀಟರ್, ಇನ್ನೊಂದು ಬದಿ ಡ್ರಮ್ಮಿನ ಉದ್ದ, 896. ಈಗ ಹಾಳೆಯನ್ನು ಸುತ್ತಳತೆಯ ಕಡೆಯಿಂದ ಅರ್ಧಕ್ಕೆ ಮಡಚಿ, ಅದನ್ನು ಮತ್ತೆ ಅರ್ಧ, ಹೀಗೆ ಐದು ಸಲ. ಬಿಚ್ಚಿದರೆ 32 ಪಟ್ಟೆ. ಟೇಪು ಬೇಡ, ಭಾಗಾಕಾರ ಬೇಡ. ಬಣ್ಣದ ನೀರಿನಲ್ಲಿ ಅದ್ದಿದ ಹುರಿಯನ್ನು ಮೂಲೆಯಿಂದ ಮೂಲೆಗೆ ಎಳೆದು ಹಿಡಿದು ಚಿಟಕಿ ಹೊಡೆದರೆ ಓರೆ ಗೆರೆ ಬೀಳುತ್ತದೆ. ಮಡಿಕೆಗಳು ಆ ಗೆರೆಯನ್ನು ಎಲ್ಲೆಲ್ಲಿ ಕತ್ತರಿಸುತ್ತವೋ ಅಲ್ಲಲ್ಲಿ ಮೊಳೆಯಿಂದ ತೂತು. ಹಾಳೆಯನ್ನು ತಿರುಗಿ ಡ್ರಮ್ಮಿಗೆ ಸುತ್ತಿ, ತೂತಿನ ಮೂಲಕ ಸೆಂಟರ್ ಪಂಚ್ ಇಟ್ಟು ಸುತ್ತಿಗೆಯಲ್ಲಿ ಒಂದೊಂದು ಏಟು. ನೆಲದ ಮೇಲೆ ನೆಟ್ಟಗಿದ್ದ ಓರೆ ಗೆರೆ ಡ್ರಮ್ಮಿನ ಮೇಲೆ ಸುರುಳಿಯಾಗಿ ಕೂತಿರುತ್ತಿತ್ತು. ಒಂದು ಹಲ್ಲಿಗೂ ಮುಂದಿನದಕ್ಕೂ ಮೈಮೇಲೆ ಅಳೆದರೆ ನಲವತ್ತೂವರೆ ಮಿಲಿಮೀಟರಿನ ಮೇಲೆ ಒಂದು ಚೂರು, ಎಲ್ಲ ಕಡೆ ಅಷ್ಟೇ.

ಅಷ್ಟಕ್ಕೇ ಬಿಡುತ್ತಿರಲಿಲ್ಲ. ‘ಒಂದೇ ಸುತ್ತು ಹಾಕಿದ್ರೆ ಬೇರಿಂಗ್ ತಿಂದ್ಹಾಕುತ್ತೆ ಕಣ್ಲಾ, ಎದುರಿಗೆ ಇನ್ನೊಂದು ಹಾಕು’ ಅನ್ನುತ್ತಿದ್ದರು. ಹಾಳೆಯ ಅಂಚಿನ ನಡುಮಧ್ಯದಿಂದ ಎರಡನೇ ಗೆರೆ ಹೊರಟು, ಒಂದು ಪಕ್ಕದಲ್ಲಿ ಹಾಳೆ ಮುಗಿದರೆ ಇನ್ನೊಂದು ಪಕ್ಕದಿಂದ ಮುಂದುವರಿಯುತ್ತಿತ್ತು. ಸುತ್ತಿದರೆ ಅರಳಿಕಟ್ಟೆಯ ಕಲ್ಲಿನಲ್ಲಿ ಹೆಣೆದುಕೊಂಡ ಜೋಡಿ ನಾಗರಗಳ ಹಾಗೆ ಎರಡು ಸುರುಳಿ. ಇದರ ಕಾರಣ ನನಗೆ ಗೊತ್ತಾಗಿದ್ದು ವರ್ಷಗಳಾದ ಮೇಲೆ, ಪುಸ್ತಕದಲ್ಲಿ. ಒಂದೇ ಸುರುಳಿಯ ಡ್ರಮ್ಮನ್ನು ನಿಲ್ಲಿಸಿ ಕೈಯಲ್ಲಿ ತಿರುಗಿಸಿ ನೋಡಿದರೆ ತೂಕ ಸರಿಯಾಗಿಯೇ ಇರುತ್ತದೆ, ಯಾವ ಕಡೆಗೂ ವಾಲುವುದಿಲ್ಲ. ಆದರೆ ಎಡ ಅರ್ಧದ ಹಲ್ಲುಗಳೆಲ್ಲ ಒಂದು ಪಕ್ಕದಲ್ಲಿ, ಬಲ ಅರ್ಧದವು ಎದುರು ಪಕ್ಕದಲ್ಲಿ ಇರುವುದರಿಂದ ವೇಗ ಏರಿದಾಗ ಒಂದು ತುದಿ ಮೇಲಕ್ಕೆ ಎಳೆದರೆ ಇನ್ನೊಂದು ಕೆಳಕ್ಕೆ ಎಳೆಯುತ್ತದೆ. ಶಾಫ್ಟು ತುಳುಕುತ್ತದೆ. ಪ್ರತಿ ಹಲ್ಲಿಗೂ ಸರಿ ಎದುರಿಗೆ ಇನ್ನೊಂದು ಹಲ್ಲಿದ್ದರೆ ಎಳೆತ ಎಳೆತಕ್ಕೆ ವಜಾ. ಮೇಸ್ತ್ರಿ ಮೂರನೇ ಕ್ಲಾಸು ಓದಿದವರು. ಸುಟ್ಟ ಬೇರಿಂಗುಗಳನ್ನು ಕೈಯಲ್ಲಿ ಹಿಡಿದು ನೋಡಿ ನೋಡಿ ಈ ಮಾತಿಗೆ ಬಂದಿದ್ದರು.

ಈ ಡ್ರಮ್ಮು ಕೈಗಳನ್ನೂ ತಿಂದಿದೆ, ಅದನ್ನು ಹೇಳದೆ ಮುಂದೆ ಹೋದರೆ ಸುಳ್ಳು ಹೇಳಿದ ಹಾಗೆ. ನಿದ್ದೆಗೆಟ್ಟವರು, ಸೆರಗು ಬಿಗಿಯದವರು, ತೆನೆ ಒಳಗೆ ಹೋಗಲಿಲ್ಲ ಅಂತ ಕೈಯಲ್ಲಿ ನೂಕಿದವರು. ದೇಶದ ತುಂಬ ಇದೇ ಕತೆಯಾಗಿ, 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆ ಬಂತು. ಅದು ಬಂದದ್ದೇ ಮುಖ್ಯವಾಗಿ ಒಕ್ಕಣೆ ಮಿಷನ್ನುಗಳ ಕಾರಣಕ್ಕೆ. ತೆನೆ ಕೊಡುವ ಬಾಯಿ 90 ಸೆಂಟಿಮೀಟರ್ ಉದ್ದ ಇರಬೇಕು, ಅದರಲ್ಲಿ ಒಳಗಿನ 45 ಸೆಂಟಿಮೀಟರ್ ಮುಚ್ಚಿರಬೇಕು ಅನ್ನುವ ಅಳತೆ ಬಂತು; ಅಂದರೆ ಮನುಷ್ಯನ ಕೈ ಎಷ್ಟು ಚಾಚಿದರೂ ಹಲ್ಲಿಗೆ ಎಟುಕಬಾರದು. ಉದ್ದ ಬಾಯಿ ಇಟ್ಟರೆ ಕೆಲಸ ನಿಧಾನ ಅಂತ ಗೊಣಗಿ ಅದನ್ನು ಕತ್ತರಿಸಿಕೊಡಿ ಅಂತ ಕೇಳಿದ ಗಿರಾಕಿಗಳನ್ನು ನಾನು ಕಂಡಿದ್ದೇನೆ. ಕತ್ತರಿಸಿಕೊಟ್ಟ ಶೆಡ್ಡುಗಳೂ ಇದ್ದವು.

ಡ್ರಾಯಿಂಗ್ ಬೋರ್ಡಿನ ಕಾಲವನ್ನು ಬೇಗ ದಾಟಿಬಿಡುತ್ತೇನೆ. ಕಾಗದದ ಮೇಲೆ ಸುರುಳಿ ಬರೆಯುವುದು ದೊಡ್ಡ ಪೀಡೆ. ವೃತ್ತವನ್ನು ಹನ್ನೆರಡು ಭಾಗ ಮಾಡಿ, ಒಂದೊಂದಕ್ಕೂ ಗೆರೆ ಇಳಿಸಿ, ಫ್ರೆಂಚ್ ಕರ್ವ್ ಇಟ್ಟು ಅಲೆಯಾಕಾರದ ಗೆರೆ ಎಳೆಯಬೇಕು. ಮೂರು ಗಂಟೆ ಕೂತು ಬರೆದದ್ದನ್ನು ಶೆಡ್ಡಿನಲ್ಲಿ ಯಾರೂ ನೋಡುತ್ತಿರಲಿಲ್ಲ, ಕಾಗದ ಸುತ್ತಿಕೊಳ್ಳುತ್ತಿದ್ದರು. ಹಾಗಾಗಿ ಡ್ರಾಯಿಂಗಿನಲ್ಲಿ ಡ್ರಮ್ಮು ಬರೆದು ‘ಸುರುಳಿಯಲ್ಲಿ 32 ಹಲ್ಲು, ಎರಡು ಸುತ್ತು’ ಅಂತ ಒಂದು ಸಾಲು ಗೀಚಿ ಅಮೋನಿಯಾ ಪ್ರಿಂಟಿಗೆ ಕಳಿಸುತ್ತಿದ್ದೆವು. 1982ರಲ್ಲಿ ಹುಟ್ಟಿದ ಆಟೋಕ್ಯಾಡ್ ನಮ್ಮ ಮೇಜಿಗೆ ಬಂದ ಮೇಲೂ ಅದೇ ಸಾಲನ್ನು ಟೈಪ್ ಮಾಡಿದೆವು, ಅಷ್ಟೇ ವ್ಯತ್ಯಾಸ.

ನಿಜವಾದ ಬದಲಾವಣೆ ಘನಾಕಾರವನ್ನೇ ಕಟ್ಟುವ ಸಾಫ್ಟ್‌ವೇರಿನಿಂದ ಬಂತು. ಪ್ರೊ-ಎಂಜಿನಿಯರ್ 1988ರದು, ಸಾಲಿಡ್‌ವರ್ಕ್ಸ್ 1995ರದು. ತುಮಕೂರಿನ ಸಣ್ಣ ಶೆಡ್ಡುಗಳಿಗೆ ಇಳಿದು ಬರಲು ಇನ್ನಷ್ಟು ವರ್ಷ ಹಿಡಿಯಿತು. ಇದರಲ್ಲಿ ಸುರುಳಿ ಎಳೆಯಲು ಒಂದು ಆಜ್ಞೆ ಸಾಕು. ಡ್ರಮ್ಮು ಕಟ್ಟಿ, ಒಂದು ಹಲ್ಲು ನಿಲ್ಲಿಸಿ, ಇದನ್ನೇ ಸುರುಳಿಯ ಉದ್ದಕ್ಕೂ 32 ಸಲ ಇಡು ಅಂದರೆ ಮುಗಿಯಿತು ಅಂತ ಹುಡುಗರು ಅಂದುಕೊಳ್ಳುತ್ತಾರೆ. ಬಟನ್ ಒತ್ತಿದರೆ ಹಲ್ಲುಗಳೇನೋ ಸುರುಳಿಯ ಮೇಲೆ ಕೂರುತ್ತವೆ, ಆದರೆ ಅಷ್ಟೂ ಮೊದಲನೆಯದು ನೋಡಿದ ದಿಕ್ಕಿಗೇ ನೋಡುತ್ತ ನಿಲ್ಲುತ್ತವೆ. ಡ್ರಮ್ಮಿನ ಕೆಳಭಾಗದ ಹಲ್ಲುಗಳು ಹೊರಕ್ಕೆ ಚಾಚುವ ಬದಲು ಡ್ರಮ್ಮಿನೊಳಕ್ಕೆ ನುಗ್ಗಿರುತ್ತವೆ. ಕಂಪ್ಯೂಟರಿಗೆ ಜಾಗ ಹೇಳಿದ್ದೀರಿ, ನಿಲುವು ಹೇಳಿಲ್ಲ. ಗೆರೆ ಹೋದ ಹಾಗೆ ಹಲ್ಲೂ ತಿರುಗಲಿ ಅಂತ ಹೇಳಬೇಕು, ಅದರ ಜೊತೆಗೆ ಈ ಗೆರೆ ಯಾವ ಮೈಯ ಮೇಲೆ ಮಲಗಿದೆ ಅಂತ ಆ ಮೈಯನ್ನೂ ತೋರಿಸಬೇಕು. ಆಗ ಪ್ರತಿ ಹಲ್ಲೂ ಮೈಗೆ ಲಂಬವಾಗಿ ಏಳುತ್ತದೆ.

ನನ್ನ ದಾರಿ ಬೇರೆ. ಹೊಸ ಹುಡುಗರಿಗೆ ಮೊದಲು ಒಂದು ಹಾಳೆಯನ್ನು ನೀರಿನ ಬಾಟಲಿಗೆ ಸುತ್ತಿಸುತ್ತೇನೆ. ಓರೆ ಗೆರೆ ಸುರುಳಿಯಾಗುವುದನ್ನು ಕೈಯಲ್ಲಿ ಕಂಡವನಿಗೆ ಆಮೇಲೆ ಎರಡೇ ಅಂಕಿ ಸಾಕು: ಹಲ್ಲಿನಿಂದ ಹಲ್ಲಿಗೆ 11.25 ಡಿಗ್ರಿ ತಿರುಗು, 28 ಮಿಲಿಮೀಟರ್ ಮುಂದೆ ಹೋಗು. ಸುರುಳಿಯ ಗೆರೆಯೇ ಬೇಕಾಗಿಲ್ಲ. ಎದುರು ಸುತ್ತು ಬೇಕಾದರೆ ಎಲ್ಲವನ್ನೂ 180 ಡಿಗ್ರಿ ತಿರುಗಿಸಿ ಇನ್ನೊಂದು ಸಲ. ಎದುರು ಸುತ್ತು ಹಾಕದಿದ್ದರೆ ಬೇರಿಂಗ್ ಹೋಗುತ್ತದೆ ಅಂತ ಸಾಫ್ಟ್‌ವೇರ್ ತಾನಾಗಿ ಹೇಳುವುದಿಲ್ಲ, ಅದನ್ನು ನಾನೇ ಹೇಳಬೇಕು.

ಹಾಗಂತ ಕಾಗದವೇ ಮೇಲು ಅನ್ನುವ ಜಾತಿಯವನಲ್ಲ ನಾನು. ಕಾಗದ ತೋರಿಸುತ್ತಿದ್ದುದು ಹಲ್ಲಿನ ಬುಡವನ್ನು ಮಾತ್ರ. ಹಲ್ಲು 60 ಮಿಲಿಮೀಟರ್ ಎತ್ತರ. ಬುಡದಲ್ಲಿ ನಲವತ್ತೂವರೆ ಚಿಲ್ಲರೆ ಇದ್ದ ಅಂತರ ತುದಿಯಲ್ಲಿ ಹೆಚ್ಚುಕಡಿಮೆ ಐವತ್ತಾಗುತ್ತದೆ, ಯಾಕೆಂದರೆ ತುದಿ ಸುತ್ತುವ ವೃತ್ತ ದೊಡ್ಡದು. ರಾಗಿ ತೆನೆ ಹಾದುಹೋಗುವುದು ಬುಡದಲ್ಲಲ್ಲ, ತುದಿಯ ಹತ್ತಿರ. ಹುಲ್ಲಿನ ಜೊತೆ ಒಕ್ಕದ ತೆನೆ ಹೊರಗೆ ಬೀಳುತ್ತದೆ ಅಂತ ರೈತರು ತಂದ ದೂರಿಗೆ ನಾವು ವರ್ಷಗಟ್ಟಲೆ ಮೋಟರಿನ ವೇಗ ಏರಿಸಿ ಉತ್ತರ ಕೊಟ್ಟಿದ್ದೆವು. ಪರದೆಯ ಮೇಲೆ ಡ್ರಮ್ಮನ್ನು ಕೊಯ್ದು ಅಳೆದಾಗ ಸಂದಿ ಎಲ್ಲಿದೆ ಅಂತ ಕಂಡಿತು. ಕೆಳಗಿನ ಜಾಲರಿಗೂ ಹಲ್ಲಿನ ತುದಿಗೂ ನಡುವಿನ ಜಾಗವನ್ನು ಒಂದಿಷ್ಟು ಕಡಿಮೆ ಮಾಡಿದೆವು, ವೇಗ ಇಳಿಸಿದೆವು, ಕಾಳು ಒಡೆಯುವುದೂ ತಪ್ಪಿತು.

ನಾರಿನ ಡ್ರಮ್ಮಿನಲ್ಲಿ ಇನ್ನೊಂದು ಕಾಟ. ಅಲ್ಲಿ ಸುರುಳಿಗೆ ಮಟ್ಟೆಯನ್ನು ಬಾಯಿಯಿಂದ ಬಾಲದವರೆಗೆ ಸಾಗಿಸುವುದೇ ದೊಡ್ಡ ಕೆಲಸ. ದಾರಿಯಲ್ಲಿ ಪುಡಿ ಜಾಲರಿಯಿಂದ ಕೆಳಗೆ ಉದುರಬೇಕು, ಕೊನೆಯಲ್ಲಿ ನಾರು ಬರಬೇಕು. ಎಡಸುತ್ತೋ ಬಲಸುತ್ತೋ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಗುಬ್ಬಿಯಿಂದ ಆಚೆ ಒಂದು ನಾರಿನ ಶೆಡ್ಡಿಗೆ ಬೇರೆ ಕಡೆಯಿಂದ ತರಿಸಿದ ಡ್ರಮ್ಮು ಕೂರಿಸಿ ಸ್ವಿಚ್ ಹಾಕಿದಾಗ ನಾನು ಅಲ್ಲಿದ್ದೆ. ಕೊಟ್ಟ ಮಟ್ಟೆಯೆಲ್ಲ ಅರ್ಧಂಬರ್ಧ ಹರಿದು ಬಾಯಿಯಿಂದಲೇ ವಾಪಸ್ಸು. ಯಾರೋ ಕಂಪ್ಯೂಟರಿನಲ್ಲಿ ಡ್ರಮ್ಮನ್ನು ಕನ್ನಡಿ ಬಿಂಬ ಮಾಡಿ ಇನ್ನೊಂದು ಪಕ್ಕಕ್ಕೆ ಹೊಂದಿಸಿದ್ದರು. ಬಿಂಬದಲ್ಲಿ ಬಲಸುತ್ತು ಎಡಸುತ್ತಾಗುತ್ತದೆ. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಶೆಡ್ಡಿನ ಯಜಮಾನಮ್ಮ ಬಾಯಿಯ ಹತ್ತಿರ ಬಿದ್ದ ರಾಶಿ ನೋಡಿ, ‘ಇದೇನ್ ಸಾರ್, ತಿಂದಿದ್ದೆಲ್ಲ ಕಕ್ತಾ ಐತೆ’ ಅಂದರು. ಮೋಟರನ್ನು ತಿರುವುಮುರುವು ತಿರುಗಿಸಿದರೆ ಮಟ್ಟೆ ಮುಂದೆ ಹೋಗುತ್ತಿತ್ತು, ಆದರೆ ಹಲ್ಲಿನ ಹರಿತದ ಮುಖ ಹಿಂದಾಗುತ್ತಿತ್ತು. ಕೊನೆಗೆ ಡ್ರಮ್ಮನ್ನೇ ಬದಲಾಯಿಸಬೇಕಾಯಿತು.

ಈಗ ರಾಗಿಗೆ ಕಟಾವು ಮಿಷನ್ ನೇರವಾಗಿ ಹೊಲಕ್ಕೇ ಬರುತ್ತದೆ. ಗಂಟೆ ಲೆಕ್ಕದ ಬಾಡಿಗೆ. ಬಾಡಿಗೆ ಬೇಡ ಅನ್ನುವವರು ಕುಣಿಗಲ್ ಸುತ್ತಿನ ಟಾರು ರಸ್ತೆಗಳ ಮೇಲೆ ತೆನೆ ಹರಡುತ್ತಾರೆ, ಲಾರಿ ಬಸ್ಸುಗಳೇ ರೋಣಗಲ್ಲು. ಪೊಲೀಸರು ಬೇಡ ಅಂತಾರೆ, ಬೈಕಿನವರು ಜಾರಿ ಬೀಳುತ್ತಾರೆ, ಮುಂದಿನ ವರ್ಷ ಮತ್ತೆ ಹರಡುತ್ತಾರೆ. ಎಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿತು, ತುಮಕೂರಿನ ಆ ಜಾಗಕ್ಕೆ ಇಸ್ರೋ ಬಂತು. ಅದೇ ವರ್ಷದ ಜನವರಿಯಲ್ಲಿ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಗೆ ಶಂಕುಸ್ಥಾಪನೆ, 615 ಎಕರೆ, 2023ರ ಫೆಬ್ರವರಿ 6ರಂದು ಉದ್ಘಾಟನೆ. ನಮ್ಮಲ್ಲಿ ಕಲಿಯುವ ಹುಡುಗರ ಕಣ್ಣು ಈಗ ಆ ಕಡೆ. ಶೆಡ್ಡುಗಳಿಗೆ ಉಳಿದಿರುವುದು ನಾರಿನ ಮಿಷನ್ನಿನ ಕೆಲಸ, ಹಳೇ ಒಕ್ಕಣೆ ಮಿಷನ್ನಿಗೆ ಹೊಸ ಡ್ರಮ್ಮು, ಸವೆದ ಹಲ್ಲಿಗೆ ವೆಲ್ಡಿಂಗ್.

ಹೊಸದಾಗಿ ಸೇರಿದ ಹುಡುಗನೊಬ್ಬ ಮೊನ್ನೆ ಅಂಥದೇ ಒಂದು ಡ್ರಮ್ಮು ಬರೆಯುತ್ತ ಕೂತಿದ್ದ. ‘ಸಾರ್, 32 ಯಾಕೆ? 30 ಹಾಕಿದರೆ ಹನ್ನೆರಡು ಹನ್ನೆರಡು ಡಿಗ್ರಿ, ಲೆಕ್ಕ ಸಲೀಸು’ ಅಂದ. ಮಾತು ಸರಿಯೇ. ಕಾಗದವನ್ನು ಅರ್ಧಕ್ಕರ್ಧ ಮಡಚುತ್ತ ಹೋದರೆ 32 ಬರುತ್ತದೆ, 30 ಬರುವುದಿಲ್ಲ, ಕಂಪ್ಯೂಟರಿಗೆ ಆ ಕಟ್ಟು ಇಲ್ಲ. ಆದರೆ 30 ಹಾಕಿದರೆ ಡ್ರಮ್ಮಿನ ಉದ್ದಕ್ಕೆ ಹಲ್ಲಿನಿಂದ ಹಲ್ಲಿಗೆ 28 ಇದ್ದದ್ದು ಸುಮಾರು 30 ಮಿಲಿಮೀಟರ್ ಆಗುತ್ತದೆ. ಹಳ್ಳಿಗಳಲ್ಲಿ ಇನ್ನೂ ಓಡುತ್ತಿರುವ ಮಿಷನ್ನುಗಳ ಜಾಲರಿಯಲ್ಲಿ ಅಲುಗಾಡದ ಹಲ್ಲುಗಳನ್ನು ನಾವೇ 28ರ ಸಂದಿಗೆ ವೆಲ್ಡ್ ಮಾಡಿ ಕೊಟ್ಟಿದ್ದೇವೆ. ಹೊಸ ಡ್ರಮ್ಮು ಮೊದಲ ಸುತ್ತಿಗೇ ಅವಕ್ಕೆ ಬಡಿಯುತ್ತದೆ. ಜಾಲರಿಯ ಡ್ರಾಯಿಂಗ್ ತೆಗೆದು ತೋರಿಸಿದೆ. ಅವನು ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿ, 30 ಅಳಿಸಿ 32 ಹಾಕಿದ.